ಮಗ್ಗ ನಿಂತ ಮ್ಯಾಲೆ

೧೪ ನವೆಂಬರ್, ಗುರುವಾರ, ಬನಹಟ್ಟಿ

ರೊಕ್ಕ ಬಂದ್ರ ಮನಷ್ಯಾ ನಗತಾನ ಅಂತ ಹೇಳಾವ್ರನ್ನ ಹೋದ ವರ್ಷ ನಮ್ಮ ಮನಿಗೆ ಕರೀಬೇಕಾಗಿತ್ತು. ನಮ್ಮ ಯಜಮಾನ್ರು ಮಾತು ಬಿಟ್ಟಿದ್ರು, ನಿದ್ದಿ ಬಿಟ್ಟಿದ್ರು. ನೇಕಾರರ ಮನ್ಯಾಗ ಎಲ್ಲಾ ದುಃಖಕ್ಕೂ ಒಂದ ಔಷಧ: ಭಾವಾರು ಇನ್ನೊಂದು ಮಗ್ಗ ತಂದು ಕೂಡಿಸಿದ್ರು. ಸೀರಿ ಛಲೋ ಮಾರಿದುವು. ಇವರು ಮಾತ್ರ ಗ್ವಾಡಿ ಕಡೆ ಮಾರಿ ಮಾಡಿ ಮಲಗೂದು ಬಿಡಲಿಲ್ಲ.

ಕಡೀಕೆ ನಾನ ಹಟಾ ಹಿಡಿದು ಜಮಖಂಡಿಗೆ, ಮನಸಿನ ಡಾಕ್ಟರ್ ಹಂತೇಕ ಕರಕೊಂಡು ಹೋದೆ. ಓಣ್ಯಾಗ ಕೇಳಿದವರಿಗೆ ಸೊಂಟದ ನೋವು ಅಂತ ಹೇಳಿದ್ವಿ.

ಇವತ್ತ ಮುಂಜಾನೆ ಮಗ್ಗ ಎಲ್ಲಾ ನಡದಿದ್ದುವು. ಆ ಸಪ್ಪಳದಾಗ ಗುಟ್ಟಿನ ಮಾತೂ ಒದರೇ ಹೇಳಬೇಕು. ಬಾಜೂ ಮನಿ ಸೋಮಲಿಂಗ ಕಾಕಾ ಬಾಗಲದಾಗ ನಿಂತು, "ವೀರಣ್ಣಾ, ಸೊಂಟ ಹ್ಯಾಂಗೈತೋ?" ಅಂತ ಒದರಿದ್ರು. ಇವರು ಏನೋ ಅಂದ್ರು, ಯಾರಿಗೂ ಕೇಳಲಿಲ್ಲ. ಅಷ್ಟರಾಗ ಕರೆಂಟ್ ಹೋಗಿ ಮಗ್ಗ ಎಲ್ಲಾ ನಿಂತುವು. ಓಣಿಗೆ ಓಣೀನ ಗಪ್ ಆತು.

"ಏನಂದಿ?" ಅಂದ್ರು ಕಾಕಾ.

ಕಟ್ಟಿ ಮ್ಯಾಲಿನ ಹೆಣ್ಣಮಕ್ಕಳು ಇತ್ತಾಗ ನೋಡಾಕತ್ತಿದ್ರು. ಸೊಂಟಾನ ಅಂದುಬಿಡ್ರಿ ಅಂತ ನಾ ಕಣ್ಣಾಗ ಹೇಳಿದೆ.

"ಸೊಂಟಕ್ಕ ಏನೂ ಆಗಿಲ್ಲ ಕಾಕಾ. ಮನಸಿಗೆ ಜಡ್ಡಾಗಿತ್ತು. ಗುಳಿಗಿ ತೊಗೊಳ್ಳಾಕತ್ತೇನಿ, ಆರಾಮ ಆಗಾಕತ್ತೇತಿ."

ಸಾವಕಾಶ, ಒದರದ, ಅಂದ್ರು.

ರೊಕ್ಕ ಬ್ಯಾಡ ಅನ್ನೂದಿಲ್ಲ ನಾ. ಗುಳಿಗಿ ಏನು ಪುಕ್ಕಟ ಬರತಾವ? ಆದ್ರ ಹೊಸಾ ಮಗ್ಗ ಮನಿಗೆ ಬಂದ ದಿನ ನಾ ಇವತ್ತಿನಂಗ ಎದಿ ಉಬ್ಬಿಸಿ ಓಣ್ಯಾಗ ನೀರಿಗೆ ಹೋಗಿರಲಿಲ್ಲ.

ಈಗ ಇವರು ನನ್ನ ಬಾಜೂಕ ಗೊರಕಿ ಹೊಡ್ಯಾಕತ್ತಾರ. ಆ ಸಪ್ಪಳಕ್ಕ ನನಗ ನಿದ್ದಿನ ಇಲ್ಲ. ಹೊಡೀಲಿ, ಬೆಳತನಕ ಹೊಡೀಲಿ...