ಮೌನವೇ ನಮ್ಮ ಸಂಸ್ಕೃತಿ ಎಂದು ಸಹಿ ಹಾಕಿದವರಿಗೆ

ಮಾನಸಿಕ ಆರೋಗ್ಯ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಅಕ್ಕನ ಕಡತದಲ್ಲಿ ನಿಮ್ಮ ಕೇಂದ್ರ ಬರೆದ ಎರಡು ವಾಕ್ಯಗಳನ್ನು ಓದಿದಂದಿನಿಂದ ನನಗೆ ಹೇಸಿಗೆಯಾಗಿದೆ. ಬರೀ ಸಿಟ್ಟು ಬಂದಿದ್ದರೆ ನಿಮ್ಮ ಬಾಗಿಲಲ್ಲಿ ನಿಂತು ಕೂಗಾಡಿ, ಕಾವಲುಗಾರನಿಂದ ನೂಕಿಸಿಕೊಂಡು ಮನೆಗೆ ಹೋಗಿ ಮಲಗುತ್ತಿದ್ದೆ. ಇದು ಹಾಗೆ ಇಳಿಯುವಂಥದ್ದಲ್ಲ, ಆದ್ದರಿಂದ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಆ ವಾಕ್ಯಗಳು ಇವು: "ರೋಗಿಯ ಸಮುದಾಯದಲ್ಲಿ ಮೌನವು ಸಾಂಸ್ಕೃತಿಕವಾಗಿ ಸಹಜವಾದುದು. ಚಿಕಿತ್ಸೆಯ ಅಗತ್ಯ ಕಂಡುಬರುವುದಿಲ್ಲ." ಕೆಳಗೆ ನಿಮ್ಮ ಮೊಹರು, ಅದರ ಮೇಲೆ ನಿಮ್ಮ ಸಹಿ. ನಾನು ಇಪ್ಪತ್ತಾರು ವರ್ಷಗಳಿಂದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ವೃತ್ತಿಯ ಅಭ್ಯಾಸದಿಂದ ಮೊದಲು ಅಕ್ಷರದೋಷ ಹುಡುಕಿದೆ. ಒಂದೂ ಇರಲಿಲ್ಲ. ಹಸಿ ಸುಳ್ಳೊಂದನ್ನು ಇಷ್ಟು ಶುದ್ಧವಾಗಿ ಬರೆದಿರುವುದನ್ನು ನಾನು ಕಂಡಿದ್ದು ಇದೇ ಮೊದಲು.

ಅಕ್ಕ ಬಾಯಿ ಬಿಟ್ಟು ಮಾತಾಡದೆ ಎಪ್ಪತ್ತೊಂದು ದಿನ ಕಳೆದ ಮೇಲೆ ನೀವು ಹೀಗೆ ಬರೆದಿರಿ. ಕರೆದರೆ ತಿರುಗುತ್ತಾಳೆ, ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿನ್ನುತ್ತಾಳೆ, ಸ್ನಾನಕ್ಕೆ ನೀರು ಬಿಟ್ಟರೆ ಹೋಗುತ್ತಾಳೆ. ಉಳಿದ ಹೊತ್ತು ಗೋಡೆಗೆ ಮುಖ ಮಾಡಿ ಕೂತಿರುತ್ತಾಳೆ. ಯಾವ ಸಮುದಾಯದಲ್ಲಿ, ಮಾನ್ಯರೇ, ಐವತ್ತು ದಾಟಿದ ಹೆಂಗಸು ಎಪ್ಪತ್ತೊಂದು ದಿನ ಗೋಡೆ ನೋಡುತ್ತ ಕೂರುವುದು ಸಹಜ? ನಿಮ್ಮ ಮನೆಯಲ್ಲಿ ನಿಮ್ಮ ತಾಯಿಯೋ ತಂಗಿಯೋ ಹೀಗೆ ಕೂತಿದ್ದರೆ ಅದನ್ನು ಸಂಸ್ಕೃತಿ ಎನ್ನುತ್ತಿದ್ದಿರಾ, ಕಾಯಿಲೆ ಎನ್ನುತ್ತಿದ್ದಿರಾ?

ನಮ್ಮ ಸಂಸ್ಕೃತಿಯ ಮಾತನ್ನು ನೀವೇ ಎತ್ತಿದ್ದೀರಿ, ಇರಲಿ, ಅದನ್ನೇ ಹೇಳುತ್ತೇನೆ. ನಮ್ಮದು ತಲೆತಲಾಂತರದಿಂದ ಹಾಸಿಗೆ ಹೊಲಿಯುವ ಮನೆತನ. ಹತ್ತಿ ತುಂಬಿದ ದಪ್ಪ ಹಾಸಿಗೆಗೆ ನಡುನಡುವೆ ಹೊಲಿಗೆ ಹಾಕದಿದ್ದರೆ ಹತ್ತಿಯೆಲ್ಲ ಒಂದು ಕಡೆ ಗಂಟು ಕಟ್ಟುತ್ತದೆ. ಈ ಹೊಲಿಗೆ ಒಬ್ಬರಿಂದ ಆಗುವ ಕೆಲಸವಲ್ಲ. ಹಾಸಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಒಬ್ಬಳು ಈಚೆ, ಒಬ್ಬಳು ಆಚೆ ಕೂರುತ್ತಾರೆ. ಈಚೆಯವಳು ದಬ್ಬಣ ಚುಚ್ಚುತ್ತಾಳೆ, ಆಚೆಯವಳು ಅದನ್ನು ಎಳೆದು, ದಾರ ಬಿಗಿಮಾಡಿ, ಒಂದು ಬೆರಳಷ್ಟು ಪಕ್ಕದಲ್ಲಿ ವಾಪಸು ಚುಚ್ಚುತ್ತಾಳೆ. ಇಬ್ಬರ ನಡುವೆ ಹಾಸಿಗೆ ಗೋಡೆಯಂತೆ ನಿಂತಿರುವುದರಿಂದ ಒಬ್ಬಳ ಮುಖ ಇನ್ನೊಬ್ಬಳಿಗೆ ಕಾಣಿಸುವುದಿಲ್ಲ. ನಮ್ಮ ಹೆಂಗಸರು ಮಾತಾಡುವುದು ಅಲ್ಲಿ. ಗಂಡನ ಹೊಡೆತ, ಹೊಟ್ಟೆಯಲ್ಲೇ ಸತ್ತ ಮಗು, ಅತ್ತೆಯ ಬಾಯಿ, ಯಾರಿಗೂ ಹೇಳಬಾರದ ಆಸೆಗಳು, ಎಲ್ಲವನ್ನೂ ಹಾಸಿಗೆಗೆ ಹೇಳಿದಂತೆ ಹೇಳುತ್ತಾರೆ. ಆಚೆಯವಳು ಸಮಾಧಾನ ಹೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹ್ಞೂಂ ಅನ್ನುತ್ತಾಳೆ, ದಬ್ಬಣ ವಾಪಸು ಕೊಡುತ್ತಾಳೆ. ಕೈ ಖಾಲಿ ಬಿಟ್ಟು, ಎದುರಾಬದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು ದುಃಖ ಹೇಳಿಕೊಳ್ಳುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ಹಾಗೆ ಕೂರಿಸಿ ಕೇಳುವುದು ಕಳ್ಳತನ ಮಾಡಿದವರನ್ನು ಮಾತ್ರ.

ಅಕ್ಕ ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸಕ್ಕಿದ್ದಾಳೆ. ಹರಿದ ಹಾಸಿಗೆ, ದಿಂಬು, ಪರದೆ ಎಲ್ಲ ಅಲ್ಲಿಗೇ ಬರುವುದು. ಇಪ್ಪತ್ತೆರಡು ವರ್ಷ ಅವಳ ಆಚೆ ಕೂತವಳು ಒಬ್ಬಳೇ. ಅವಳ ತಲೆಗೂದಲಿಗಾಗಿ ನಾವೆಲ್ಲ ಅವಳನ್ನು ಗುಂಗುರಕ್ಕ ಎನ್ನುತ್ತಿದ್ದೆವು. ನನ್ನ ಭಾವ ಬಿಟ್ಟುಹೋದಾಗ ಅಕ್ಕ ಮನೆಯಲ್ಲಿ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ, ಮರುದಿನ ಕೆಲಸಕ್ಕೆ ಹೋದಳು. ಆ ತಿಂಗಳು ದೊಡ್ಡಾಸ್ಪತ್ರೆಯ ಹಾಸಿಗೆಗಳಿಗೆ ಬಿದ್ದಷ್ಟು ಹೊಲಿಗೆ ಮತ್ತೆಂದೂ ಬಿದ್ದಿರಲಾರದು. ಅವಳನ್ನು ಬದುಕಿಸಿಕೊಂಡವಳು ಗುಂಗುರಕ್ಕ. ಆ ಗುಂಗುರಕ್ಕ ಎಂಟು ದಿನ ಜ್ವರ ಬಂದು, ಒಂಬತ್ತನೇ ದಿನ ತೀರಿಕೊಂಡಳು. ವಾರದ ಮೇಲೆ ಅಕ್ಕ ಕೆಲಸಕ್ಕೆ ಹೋದರೆ ಮೇಲ್ವಿಚಾರಕರು ಅವಳನ್ನು ಗೋಡೆ ಪಕ್ಕದ ಹೊಲಿಗೆ ಯಂತ್ರಕ್ಕೆ ಹಾಕಿದರು. ದಿಂಬಿನ ಗವಸು ಹೊಲಿಯಲು ಎರಡನೆಯವರು ಬೇಕಿಲ್ಲವಲ್ಲ. ನಾಲ್ಕು ದಿನ ಹೊಲಿದಳು. ಐದನೆಯ ದಿನ ಯಂತ್ರದ ಮೇಲೆ ಬಟ್ಟೆ ಹೊದಿಸಿ ಮನೆಗೆ ಬಂದಳು. ಅಂದಿನಿಂದ ಮಾತಿಲ್ಲ. ಕಾಯಿಲೆಯೆಂದು ನಿಮ್ಮ ಕೇಂದ್ರದಿಂದ ಬರೆಸಿ ತರದಿದ್ದರೆ ಕೆಲಸದಿಂದ ತೆಗೆಯುತ್ತೇವೆಂದು ಆಸ್ಪತ್ರೆಯಿಂದ ನೋಟಿಸು ಬಂತು. ಹಾಗಾಗಿ ನಾವು ನಿಮ್ಮಲ್ಲಿಗೆ ಬಂದೆವು.

ಮೂರು ಸಲ ಬಂದೆವು. ಮೊದಲ ಸಲ ನಿಮ್ಮ ಅರ್ಜಿ ತುಂಬಿಸಿಕೊಂಡ ಹುಡುಗಿ ಕೇಳಿದಳು, "ತೀರಿಕೊಂಡೋರು ಇವರಿಗೆ ಏನಾಗ್ಬೇಕು?" ಗಂಡ, ಮಗು, ತಂದೆ ತಾಯಿ, ಒಡಹುಟ್ಟಿದವರು ಎಂದು ನಾಲ್ಕು ಚೌಕಗಳಿದ್ದವು. "ಇಪ್ಪತ್ತೆರಡು ವರ್ಷ ಜೊತೇಲಿ ಕೆಲಸ ಮಾಡ್ದೋರು" ಅಂದೆ. ಅವಳು ಪಾಪ, ಪೆನ್ನು ಹಿಡಿದು ನಾಲ್ಕೂ ಚೌಕಗಳ ಮೇಲೆ ಒಮ್ಮೆ ಸುತ್ತಾಡಿ, "ಸಂಬಂಧ ಇಲ್ಲ ಅಂತ ಹಾಕ್ತೀನಿ ಸರ್" ಅಂದಳು. ಹೀಗೆ ಅಕ್ಕನಿಗೆ ಯಾರೂ ಸತ್ತಿಲ್ಲ ಎಂದು ನಿಮ್ಮ ಕಾಗದದಲ್ಲಿ ತೀರ್ಮಾನವಾಯಿತು.

ಆಮೇಲೆ ಆಪ್ತಸಮಾಲೋಚಕಿಯ ಕೋಣೆ. ಆಪ್ತ ಎಂಬ ಶಬ್ದವನ್ನು ಸರ್ಕಾರಿ ಹುದ್ದೆಗೆ ಅಂಟಿಸಿದವರು ಯಾರೋ, ಅವರಿಗೊಂದು ನಮಸ್ಕಾರ. ಕೋಣೆಯಲ್ಲಿ ಎದುರುಬದುರಾಗಿ ಎರಡು ಮೆತ್ತನೆ ಕುರ್ಚಿ, ನಡುವೆ ಗಾಜಿನ ಮೇಜು, ಅದರ ಮೇಲೆ ಕಣ್ಣೊರೆಸುವ ಕಾಗದದ ಡಬ್ಬಿ. ಗೋಡೆಯ ಮೇಲೆ ಐದು ಬಗೆಯ ಉಡುಪು ತೊಟ್ಟ ಐದು ಜನ ಕೈ ಕೈ ಹಿಡಿದು ನಗುತ್ತಿರುವ ಚಿತ್ರ. ನಾನು ಮೂಲೆಯಲ್ಲಿದ್ದೆ. ಸಮಾಲೋಚಕಿ ಮುಂದಕ್ಕೆ ಬಾಗಿ ಅಕ್ಕನ ಕಣ್ಣಲ್ಲೇ ಕಣ್ಣಿಟ್ಟು, "ಅಮ್ಮಾ, ಇಲ್ಲಿ ನಿಮ್ಮನ್ನ ಯಾರೂ ಏನೂ ಅನ್ನಲ್ಲ. ಮನಸ್ಸು ಬಿಚ್ಚಿ ಮಾತಾಡಿ" ಎಂದರು. ಅಕ್ಕ ತಲೆ ತಗ್ಗಿಸಿದಳು. "ನನ್ನ ನೋಡಿ ಅಮ್ಮಾ, ನೋಡಿ ಮಾತಾಡಿ." ಅಕ್ಕ ಇನ್ನೂ ತಗ್ಗಿಸಿದಳು. ಕುರ್ಚಿಯ ತೋಳಿನ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು. ಅವಳ ಬೆರಳು ಆ ದಾರವನ್ನು ಹುಡುಕಿ, ಎಳೆದು, ಸುತ್ತಿ, ಗಂಟು ಹಾಕಿ, ತುದಿಯನ್ನು ಒಳಗೆ ತುರುಕಿತು. ಅರ್ಧ ಗಂಟೆಯಲ್ಲಿ ಅವಳು ಆ ತೋಳನ್ನು ಪೂರ್ತಿ ರಿಪೇರಿ ಮಾಡಿದಳು. ಅಷ್ಟು ದಿನಗಳಲ್ಲಿ ಆ ಕೈಗಳು ಏನಾದರೂ ಮಾಡಿದ್ದನ್ನು ನಾನು ಕಂಡಿದ್ದು ಆಗಲೇ. ಸಮಾಲೋಚಕಿ ಪುಸ್ತಕದಲ್ಲಿ "ಗಮನ ಬೇರೆಡೆ" ಎಂದು ಬರೆದುಕೊಂಡರು.

ಮೂರನೆಯ ಸಲವೂ ಇದೇ ಆದ ಮೇಲೆ ಅವರು ಕಪಾಟಿನಿಂದ ಒಂದು ಕೈಪಿಡಿ ತೆಗೆದರು. ನಿಮ್ಮ ಕೇಂದ್ರವೇ ಹೊರತಂದಿರುವ, ಯಾವ ಸಮುದಾಯದವರ ಮನಸ್ಸು ಹೇಗೆ ಎಂದು ತಿಳಿಸುವ ನುಣುಪು ಹಾಳೆಯ ಕೈಪಿಡಿ. ಪುಟ ತಿರುವಿ, ನಮ್ಮವರ ಪುಟ ಸಿಕ್ಕಿ, ಅವರ ಮುಖ ಸಡಿಲವಾಯಿತು. ಕಷ್ಟದ ಲೆಕ್ಕಕ್ಕೆ ಪುಸ್ತಕದ ಹಿಂದೆ ಉತ್ತರ ಸಿಕ್ಕವರ ಹಾಗೆ. "ಗಾಬರಿ ಏನಿಲ್ಲ ಸರ್," ಎಂದರು ನನಗೆ, "ನಿಮ್ಮಲ್ಲಿ ಇದು ಸಹಜವಂತೆ."

ಎಂಥ ಅನುಕೂಲ ನೋಡಿ. ಅಕ್ಕ ಹೇಗೆ ಮಾತಾಡುತ್ತಾಳೆಂದು ತಿಳಿಯಬೇಕಾದಾಗ ನಮ್ಮ ಸಂಸ್ಕೃತಿ ನಿಮಗೆ ಬೇಕಿರಲಿಲ್ಲ. ಅವಳನ್ನು ಮನೆಗೆ ಕಳಿಸಿ ಕೈ ತೊಳೆದುಕೊಳ್ಳಬೇಕಾದಾಗ ಅದೇ ಸಂಸ್ಕೃತಿ ಸಾಬೂನಿನಂತೆ ಒದಗಿ ಬಂತು. ಕಾಲು ಮುರಿದವನಿಗೆ ನಿಮ್ಮ ಜನ ಕುಂಟುವುದು ಸಹಜ ಎನ್ನುವ ಧೈರ್ಯ ಯಾವ ಮೂಳೆ ವೈದ್ಯನಿಗೂ ಇಲ್ಲ. ಮನಸ್ಸಿನ ವೈದ್ಯರಿಗೆ ಮಾತ್ರ ಆ ಧೈರ್ಯ ಎಲ್ಲಿಂದ ಬರುತ್ತದೆ? ಗೌರವದ ಮುಖವಾಡ ಹಾಕಿಕೊಂಡ ಅಸಡ್ಡೆ ಇದು. ಬಾಯಿಬಿಟ್ಟು ಅವಮಾನ ಮಾಡುವವರನ್ನಾದರೂ ಎದುರಿಸಬಹುದು. ನಿಮ್ಮ ಪದ್ಧತಿಯನ್ನು ನಾವು ಗೌರವಿಸುತ್ತೇವೆ ಎಂದು ಕೈ ಮುಗಿದು ಬಾಗಿಲು ಹಾಕಿಕೊಳ್ಳುವವರನ್ನು ಏನು ಮಾಡುವುದು?

ಇನ್ನು ಆ ಕೈಪಿಡಿಯ ಸಾಲು ಎಲ್ಲಿಂದ ಬಂತು ಎಂಬ ವಿಷಯ. ಇದನ್ನು ಬರೆಯದೆ ಬಿಟ್ಟರೆ ನಾನೂ ನಿಮ್ಮ ಸಾಲಿಗೇ ಸೇರುತ್ತೇನೆ.

ಎರಡು ವರ್ಷದ ಹಿಂದೆ ನಿಮ್ಮ ಕೇಂದ್ರ ಅರ್ಧ ದಿನದ ಕಾರ್ಯಾಗಾರ ನಡೆಸಿತು. ಬೇರೆ ಬೇರೆ ಸಮುದಾಯಗಳ ಪ್ರತಿನಿಧಿಗಳು ಬೇಕಿತ್ತು. ಹಾಸಿಗೆ ಹೊಲಿಯುವವರ ಪೈಕಿ ಓದು ಬರಹ ಬಲ್ಲವನು, ಇಸ್ತ್ರಿ ಅಂಗಿ ಹಾಕುವವನು ಎಂದು ನನ್ನನ್ನು ಕರೆದರು. ದಬ್ಬಣ ಹಿಡಿದು ಒಂದು ದಿನವೂ ದುಡಿಯದವನು ನಾನು. ಆದರೂ ಹೋದೆ, ಮುಂದಿನ ಸಾಲಿನಲ್ಲಿ ಕೂತೆ. ನನ್ನ ಸರದಿ ಬಂದಾಗ ಮೈಕು ಹಿಡಿದು ಎದೆ ಉಬ್ಬಿಸಿ ಹೇಳಿದೆ: "ನಮ್ಮ ಜನ ಕಲ್ಲು, ಸ್ವಾಮಿ. ಎಂಥ ಕಷ್ಟ ಬಂದ್ರೂ ಬಾಯಿ ಬಿಡಲ್ಲ. ನಮ್ಮ ಹೆಣ್ಮಕ್ಕಳು ಅತ್ತಿದ್ದನ್ನ ನಾನಂತೂ ಕಣ್ಣಾರೆ ಕಂಡಿಲ್ಲ." ಜೋರು ಚಪ್ಪಾಳೆ ಬಿತ್ತು. ನೀವೇ ಎದ್ದು ಬಂದು ನನ್ನ ಬೆನ್ನು ತಟ್ಟಿದಿರಿ. ನಿಮ್ಮ ಪಕ್ಕದಲ್ಲಿದ್ದವರು ಬರೆದುಕೊಳ್ಳುತ್ತಿದ್ದರು.

ಕಣ್ಣಾರೆ ಕಂಡಿರಲಿಲ್ಲ, ನಿಜ. ನಡುವೆ ಹಾಸಿಗೆ ಇತ್ತಲ್ಲ. ಆದರೆ ಕೇಳಿದ್ದೆ. ಚಿಕ್ಕವನಿದ್ದಾಗ ಹತ್ತಿಯ ರಾಶಿಯ ಮೇಲೆ ಬಿದ್ದುಕೊಂಡು ಅಮ್ಮ ಅಳುತ್ತಳುತ್ತಾ ಹೊಲಿಯುವುದನ್ನು, ಆಚೆಯಿಂದ ಹ್ಞೂಂ ಎಂಬ ದನಿ ಬರುವುದನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೆ. ಅದನ್ನು ನಿಮ್ಮ ಸಭೆಯಲ್ಲಿ ಹೇಳಿದ್ದರೆ ನಮ್ಮವರ ಮಾನ ಹೋಗುತ್ತದೆ ಎಂದುಕೊಂಡೆ. ಹೊರಗಿನವರ ಮುಂದೆ ನಮ್ಮವರು ಗಟ್ಟಿಯಾಗಿ ಕಾಣಬೇಕು ಎಂಬ ಒಣ ಜಂಬ. ನನ್ನ ಆ ಜಂಬವೇ ನಿಮ್ಮ ಕೈಪಿಡಿಯ ಪುಟವಾಯಿತು, ಆ ಪುಟವೇ ನನ್ನ ಅಕ್ಕನ ಕಡತವಾಯಿತು. ನಿಮ್ಮ ಮೇಲಿನ ಹೇಸಿಗೆಯಲ್ಲಿ ನನ್ನ ಪಾಲೂ ಇದೆ, ಒಪ್ಪಿಕೊಳ್ಳುತ್ತೇನೆ. ಆದರೆ ಒಬ್ಬ ಇಸ್ತ್ರಿ ಅಂಗಿಯವನ ಬಡಾಯಿಯನ್ನು ಸಾವಿರಾರು ಹೆಂಗಸರ ಮನಸ್ಸು ಎಂದು ಅಚ್ಚು ಹಾಕಿಸುವ ಮೊದಲು, ಒಬ್ಬಳೇ ಒಬ್ಬ ಹೆಂಗಸನ್ನು ಕೇಳಬೇಕೆಂದು ನಿಮಗೆ ಅನ್ನಿಸಲಿಲ್ಲವೇ? ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆ ನಿಮ್ಮ ಕಚೇರಿಯಿಂದ ಎರಡು ಬೀದಿಯಾಚೆ ಇದೆ.

ಕಳೆದ ಭಾನುವಾರ ಬೆಳಿಗ್ಗೆ ನಾನು ನಮ್ಮ ಮಂಚದ ಹಾಸಿಗೆಯನ್ನು ಎಳೆದು ತಂದು, ನಡುಮನೆಯಲ್ಲಿ ಎರಡು ಕುರ್ಚಿಗಳಿಗೆ ಒರಗಿಸಿ ನಿಲ್ಲಿಸಿ, ಹೊಲಿಗೆ ಬಿಚ್ಚತೊಡಗಿದೆ. "ಚೆನ್ನಾಗಿರೋ ಹಾಸಿಗೆಗೆ ಏನು ಬಂದಿದೆ ರೋಗ?" ಎಂದು ನನ್ನ ಹೆಂಡತಿ ಕೇಳಿದಳು. ಅಮ್ಮನ ಹಳೆಯ ದಬ್ಬಣ ತೆಗೆದು ಚುಚ್ಚಿದೆ. ನನ್ನ ಹೊಲಿಗೆ ಎಷ್ಟು ವಕ್ರವಾಗಿತ್ತೆಂದರೆ ಅಕ್ಕನಿಗೆ ಗೋಡೆ ಕಡೆ ಕೂತಿರಲು ಆಗಲಿಲ್ಲ. ಎದ್ದು ಬಂದು ಆಚೆ ಕೂತಳು. ದಬ್ಬಣ ವಾಪಸು ಬಂತು. ಒಂದೂವರೆ ಗಂಟೆ ಹೊಲಿದೆವು. ನಾನು ಏನೂ ಕೇಳಲಿಲ್ಲ. ಆಮೇಲೆ ಆಚೆಯಿಂದ ಅವಳ ದನಿ ಬಂತು, ತುಕ್ಕು ಹಿಡಿದ ಬೀಗ ತೆಗೆದಂಥ ದನಿ.

"ಅವಳಾದ್ರೆ ದಾರ ಇಷ್ಟು ಬಿಗಿ ಎಳೀತಿರ್ಲಿಲ್ಲ."

ಹ್ಞೂಂ ಎಂದೆ.

"ಜ್ವರ ಅಂತ ಗೊತ್ತಿತ್ತು. ನೋಡೋಕೆ ಹೋಗ್ಲಿಲ್ಲ ಕಣೋ ನಾನು. ಸೋಮವಾರ ಬರ್ತಾಳಲ್ಲ ಅಂತ ಸುಮ್ನಿದ್ದೆ."

ಹ್ಞೂಂ.

ದಬ್ಬಣ ನಾಲ್ಕೈದು ಸಲ ಆಚೆ ಹೋಗಿ ಈಚೆ ಬಂತು. ಆಮೇಲೆ ಅವಳು, ಅಂಗಡಿಯಿಂದ ಏನು ತರಬೇಕೆಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು: "ನಾನೂ ಹೋಗ್ಬಿಡೋಣ ಅನ್ಸುತ್ತೆ. ಎರಡು ಸಲ ಮನೆ ಬಿಟ್ಟು ಹೊರಟೂ ಇದ್ದೆ. ನಿನ್ನ ಹೆಂಡ್ತಿ ಬಾಗಿಲಲ್ಲಿ ಬಟ್ಟೆ ಒಣಗಿಸ್ತಿದ್ಲು, ಏನಂದ್ಕೊಂಡಾಳೋ ಅಂತ ವಾಪಸ್ ಬಂದೆ."

ನಾನು ಹ್ಞೂಂ ಎಂದೆ. ನನಗೆ ಬೇರೇನೂ ಗೊತ್ತಿರಲಿಲ್ಲ. ದಬ್ಬಣ ನನ್ನ ಬೆರಳಿಗೆ ಚುಚ್ಚಿತು.

ಸೋಮವಾರ ನಿಮ್ಮ ಕೇಂದ್ರಕ್ಕೆ ಓಡಿ ಬಂದೆ. ಅಕ್ಕ ಹೇಳಿದ್ದನ್ನು ಅಕ್ಷರಶಃ ಹೇಳಿದೆ. ಕಿಟಕಿಯೊಳಗಿನ ಗುಮಾಸ್ತರು ಕಂಪ್ಯೂಟರು ನೋಡಿ, "ಚಿಕಿತ್ಸೆ ಬೇಡ ಅಂತ ಕ್ಲೋಸ್ ಆಗಿದೆ ಸರ್. ಮತ್ತೆ ತೆಗೀಬೇಕು ಅಂದ್ರೆ ನಿರ್ದೇಶಕರ ಆರ್ಡರ್ ಬೇಕು" ಎಂದರು. ನಿರ್ದೇಶಕರೆಲ್ಲಿ ಎಂದೆ. "ಕಾರ್ಯಾಗಾರದಲ್ಲಿದ್ದಾರೆ" ಎಂದರು. ಮೂರು ದಿನ ಇದೇ ಉತ್ತರ ಸಿಕ್ಕ ಮೇಲೆ ಈ ಪತ್ರಕ್ಕೆ ಕೂತಿದ್ದೇನೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಈ ಪತ್ರ ಓದಿದ ದಿನವೇ ಅಕ್ಕನ ಕಡತ ತೆರೆಯಿರಿ. ವೈದ್ಯರೊಬ್ಬರನ್ನು ನಮ್ಮ ಮನೆಗೆ ಕಳಿಸಿ. ಆಚೆ ಬದಿಗೆ ಕೂರುವಷ್ಟು ವಿನಯ ಅವರಿಗಿರಲಿ, ಔಷಧ ಬೇಕಿದ್ದರೆ ಬರೆದುಕೊಡುವಷ್ಟು ವಿದ್ಯೆಯೂ ಇರಲಿ. ಅವಳಿಗೆ ಕಾಯಿಲೆಯಾಗಿದೆ ಎಂದು ಆಸ್ಪತ್ರೆಗೆ ಬರೆದು, ಅವಳ ಜಾಗ ಉಳಿಸಿ. ಕೈಪಿಡಿಯಿಂದ ಆ ಪುಟವನ್ನು ಹರಿದು ಹಾಕಿ. ಅದನ್ನು ಹೇಳಿದವನೇ ಅದು ಸುಳ್ಳು ಎಂದು ಇಲ್ಲಿ ಬರೆದುಕೊಟ್ಟಿದ್ದಾನೆ, ಇದಕ್ಕಿಂತ ದಾಖಲೆ ಬೇಕಿಲ್ಲ. ನಮ್ಮವರಿಗೆ ಹ್ಞೂಂ ಎನ್ನುವುದು ಬರುತ್ತದೆ. ಅದು ದೊಡ್ಡದೇ, ಆದರೆ ಅಕ್ಕ ಅದನ್ನು ದಾಟಿ ಹೋಗಿದ್ದಾಳೆ. ಅದರ ಮುಂದೆ ಏನು ಮಾಡಬೇಕೆಂದು ತಿಳಿದವರು ನೀವೆಂದು ನಿಮ್ಮ ಬಾಗಿಲ ಫಲಕ ಹೇಳುತ್ತದೆ.

ನೀವು ಬರುವವರೆಗೆ ನಾನು ಕೆಲಸಕ್ಕೆ ರಜೆ ಹಾಕಿ ಅಕ್ಕನ ಈಚೆ ಕೂತಿರುತ್ತೇನೆ. ಹೊಲಿಯುತ್ತಿರುವಷ್ಟು ಹೊತ್ತು ಅವಳು ಎದ್ದು ಹೋಗುವುದಿಲ್ಲ. ನಮ್ಮ ಮನೆಯಲ್ಲಿರುವುದು ನಾಲ್ಕು ಹಾಸಿಗೆ. ಇವತ್ತು ಮೂರನೆಯದು ಮುಗಿಯಿತು.

ಇಂತಿ,
ಅವಳ ತಮ್ಮ ಎಂಬುದನ್ನು ಬಿಟ್ಟರೆ
ಬೇರೆ ಯಾವ ಅರ್ಹತೆಯೂ ಇಲ್ಲದವನು