ಬಲಗಾಲಿನ ಎಂಟು ಚಿತ್ರಗಳು

ಮಾರ್ಚ್ ೧೦, ಸೋಮವಾರ

ಅಮ್ಮನ ಫೋನು ಎತ್ತದೆ ಮುಖ ಬಿಗಿದುಕೊಂಡು ಕೂತಿರುವ ನನ್ನ ಚುಕ್ಕಿಗೆ,

ನಿನ್ನ ಕಾಗದ ಬಂತು. ಒಂದೇ ಪುಟ, ಅದರಲ್ಲೂ ಅರ್ಧ ಖಾಲಿ. ಸಿಟ್ಟು ಬಂದರೆ ನೀನು ಥೇಟ್ ನಿನ್ನಪ್ಪನೇ, ಮಾತು ಕಡಿಮೆ, ಏಟು ಜಾಸ್ತಿ. ಹಳೇ ಸಾಮಾನಿನ ಅಂಗಡಿಯಲ್ಲಿ ಆ ವಿಡಿಯೋ ಗೇಮ್ ಸಿಕ್ಕಿತು, ಡಬ್ಬದ ಮೇಲೆ ಆ ದೊಡ್ಡ ಪಾಪ್ ಗಾಯಕನ ಮುಖ ಕಂಡ ಕೂಡಲೇ ಅಪ್ಪನ ಕೋಣೆ ನೆನಪಾಯಿತು ಎಂದು ಬರೆದಿದ್ದೀಯ. ಕೆಳಗೆ ಒಂದೇ ಪ್ರಶ್ನೆ. ಕಡೆಯ ನಾಲ್ಕು ವರ್ಷ ಅಪ್ಪ ಆ ಗೇಮ್ ಹಾಕು ಎಂದಾಗಲೆಲ್ಲ ಹಾಕಿಕೊಟ್ಟು ಎದ್ದು ಹೋಗುತ್ತಿದ್ದೆಯಲ್ಲ, ಐದು ನಿಮಿಷ ಪಕ್ಕದಲ್ಲಿ ಕೂರಲು ನಿನಗೇನಾಗಿತ್ತು? ಉತ್ತರ ಕೊಡುವವರೆಗೆ ನಮ್ಮ ಮನೆಗೆ ಬರಬೇಡ ಎಂದೂ ಬರೆದಿದ್ದೀಯ.

ಅಪ್ಪ ಹೋಗಿ ಎರಡು ವರ್ಷವಾದರೂ ಈ ಪ್ರಶ್ನೆಗೆ ಹೆದರಿಕೊಂಡೇ ಇದ್ದೆ. ಇದ್ದೊಬ್ಬ ಮಗಳನ್ನೂ ಕಳೆದುಕೊಂಡು ಬಾಯಿ ಮುಚ್ಚಿಕೊಂಡಿರುವಷ್ಟು ಗಟ್ಟಿತನ ನನ್ನಲ್ಲಿ ಉಳಿದಿಲ್ಲ. ಹೇಳುತ್ತೇನೆ ಕೇಳು.

ಆ ಗೇಮಿನಲ್ಲಿ ಕುಣಿಯುವುದು ಆ ಗಾಯಕನಲ್ಲ, ನಿನ್ನಪ್ಪ. ಗಾಯಕ ಆ ಗೇಮ್ ತಯಾರಿಸುತ್ತಿದ್ದ ನಮ್ಮ ಆಫೀಸಿಗೆ ಬಂದಿದ್ದು ಒಂದೇ ಒಂದು ಮಧ್ಯಾಹ್ನ, ಹಿಂದೆ ಮುಂದೆ ಹನ್ನೊಂದು ಜನರ ಜೊತೆ. ಮುಖದ ಫೋಟೋ, ಟೋಪಿಯ ಫೋಟೋ, ಕೋಟಿನ ಫೋಟೋ ಕೊಟ್ಟು, ಅರ್ಧ ಲೋಟ ಟೀ ಕುಡಿದು ಹೋದರು. ಕುಣಿಯಲು ಒಂದು ಮೈ ಬೇಕಿತ್ತು. ನಾನು ಅಲ್ಲಿ ಚಿತ್ರ ಬರೆಯುವವಳು, ನಿನ್ನಪ್ಪ ಸ್ಟೇಜ್ ಶೋಗಳಲ್ಲಿ ಹಿಂದಿನ ಸಾಲಿನ ಡ್ಯಾನ್ಸರ್. ನಿನಗಾಗ ಮೂರು ವರ್ಷ. ನಮ್ಮ ಯಜಮಾನರಿದ್ದಾರಲ್ಲ ಎಂದು ದೊಡ್ಡಸ್ತಿಕೆಯಿಂದ ಹೇಳಿದವಳೇ ನಾನು. ಯಾರು ಕುಣಿದರೆಂದು ಹೊರಗೆ ಬಾಯಿ ಬಿಡುವುದಿಲ್ಲ ಎಂದು ಇಬ್ಬರಿಂದಲೂ ಬರೆಸಿಕೊಂಡರು. ನಿನಗೂ ಹೇಳಲಿಲ್ಲ, ಮೊದಮೊದಲು ಭಯಕ್ಕೆ, ಆಮೇಲೆ ಅಭ್ಯಾಸಬಲಕ್ಕೆ.

ಗೋದಾಮಿನ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಅಪ್ಪನ ಮಂಡಿಗೆ, ಮೊಣಕೈಗೆ, ಪಾದದ ಗಂಟಿಗೆ ಕಪ್ಪು ಟೇಪು ಸುತ್ತಿ ಕುಣಿಸಿದೆವು. ಆಮೇಲೆ ನನ್ನ ಕೆಲಸ. ಟಿವಿಯಲ್ಲಿ ಕುಣಿತವನ್ನು ಒಂದೊಂದೇ ಚಿತ್ರಕ್ಕೆ ನಿಲ್ಲಿಸುವುದು, ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಪೆನ್ನಿನಲ್ಲಿ ಅಪ್ಪನ ಅಂಚು ಎಳೆಯುವುದು, ಅದನ್ನು ಚೌಕುಳಿ ಕಾಗದಕ್ಕೆ ಇಳಿಸಿ ಚುಕ್ಕಿ ಚುಕ್ಕಿಯಾಗಿ ಕಂಪ್ಯೂಟರಿಗೆ ತುಂಬುವುದು. ಐದು ತಿಂಗಳು ದಿನವಿಡೀ ಗಂಡನ ಮೈಯನ್ನೇ ನೋಡುತ್ತಾ ಕೂತಿದ್ದೆ. ಅವರ ಮೈ ನನಗೆ ಗೊತ್ತಿದ್ದಷ್ಟು ಯಾವ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ ಚುಕ್ಕಿ. ಗೊತ್ತಿದ್ದೂ ಹೀಗೆ ಮಾಡಿದೆ.

ಗಾಯಕ ಗಿರ್ರನೆ ಒಂದು ಸುತ್ತು ಸುತ್ತಿ ನಿಲ್ಲುತ್ತಾನಲ್ಲ, ಆ ಸುತ್ತಿನಲ್ಲಿ ಅಪ್ಪನ ಬಲಗಾಲು ನೆಲಕ್ಕೆ ತಡವಾಗಿ ಬರುತ್ತಿತ್ತು. ಎಂಟು ಚಿತ್ರಗಳಷ್ಟು ತಡ. ಎರಡು ಸಲ ಮತ್ತೆ ಕುಣಿಸಿದೆ, ಹಾಗೇ ಬಂತು. ಮೂರನೇ ಸಲ ಅವರು ಗೋದಾಮಿನ ನೆಲದ ಮೇಲೆ ಕೂತುಬಿಟ್ಟರು. "ಕಾಲು ನನ್ನ ಮಾತು ಕೇಳ್ತಿಲ್ಲ ಕಣೇ" ಅಂದರು. "ಕಾಲಿಗೇನೂ ಆಗಿಲ್ಲ, ನಿಮಗೆ ಗಮನ ಇಲ್ಲ" ಅಂದೆ, ನಾಲ್ಕು ಜನರ ಎದುರಿಗೆ. ಅಪ್ಪ ಟೇಪು ಕಿತ್ತು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದರು.

ನಮ್ಮ ಕಸುಬಿನಲ್ಲಿ ಒಂದು ಒಳದಾರಿಯಿತ್ತು. ಮೈಯ ಒಂದು ಬದಿ ಚೆನ್ನಾಗಿ ಬಂದರೆ ಅದನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇನ್ನೊಂದು ಬದಿಗೆ ಅಂಟಿಸುತ್ತಿದ್ದೆವು. ಕೆಲಸವೂ ಉಳಿಯುತ್ತಿತ್ತು, ಕಂಪ್ಯೂಟರಿನ ಜಾಗವೂ ಉಳಿಯುತ್ತಿತ್ತು. ಮರುದಿನ ಅಪ್ಪನ ಎಡಗಾಲಿನ ಎಂಟು ಚಿತ್ರ ತೆಗೆದು, ತಿರುಗಿಸಿ, ಬಲಗಾಲಿನ ಜಾಗಕ್ಕೆ ಕೂರಿಸಿದೆ. ಸುತ್ತು ಬೆಣ್ಣೆಯಂತೆ ಬಂತು. ಆಫೀಸಿನ ಸಾಹೇಬರು ಎಲ್ಲರನ್ನೂ ಕರೆದು ತೋರಿಸಿದರು. ಆ ವರ್ಷ ಬೀದಿಬೀದಿಯಲ್ಲಿ ಮಕ್ಕಳು ಅದೇ ಸುತ್ತು ಸುತ್ತುತ್ತಿದ್ದರು, ನಾನು ನೋಡಿ ಹಿಗ್ಗುತ್ತಿದ್ದೆ.

ಐದು ವರ್ಷದ ಮೇಲೆ, ಅಪ್ಪ ಮೆಟ್ಟಿಲಲ್ಲಿ ಎರಡು ಸಲ ಬಿದ್ದ ಮೇಲೆ, ಡಾಕ್ಟರ ಹತ್ತಿರ ಹೋದೆವು. ನರದ ಕಾಯಿಲೆ, ನಿಧಾನವಾಗಿ ತಿನ್ನುವಂಥದ್ದು. ಯಾವಾಗಿನಿಂದ ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ಆರು ತಿಂಗಳಿನಿಂದ ಎಂದೆ. ಇನ್ನೂ ಮೊದಲೇ ಬಂದಿದ್ದರೆ ಕಾಲುಗಳನ್ನು ಇನ್ನಷ್ಟು ವರ್ಷ ಉಳಿಸಿಕೊಳ್ಳಬಹುದಿತ್ತು ಎಂದು ಡಾಕ್ಟರು ಕಾಗದದಿಂದ ಕಣ್ಣೆತ್ತದೆಯೇ ಹೇಳಿದರು. ಬಲಗಾಲು ತಡವಾಗಿದ್ದ ಆ ಪ್ಲಾಸ್ಟಿಕ್ ಹಾಳೆಗಳು, ಐದು ವರ್ಷ ಹಿಂದಿನ ತಾರೀಕಿನ ಸಮೇತ, ನನ್ನ ಮೇಜಿನ ಖಾನೆಯಲ್ಲೇ ಇದ್ದವು. ಆ ಸಂಜೆಯೇ ಹರಿದುಹಾಕಿದೆ.

ಇನ್ನು ನಿನ್ನ ಪ್ರಶ್ನೆ. ಅಪ್ಪನ ಕೈಗಳೂ ಸೋತ ಮೇಲೆ ಅವರು ಹೇಳಿದಂತೆ ನಾನು ಆಡುತ್ತಿದ್ದೆ. ನೀನು ನಂಬಲಿಕ್ಕಿಲ್ಲ, ಮೊದಲು ನಾನೂ ಪಕ್ಕದಲ್ಲೇ ಕೂರುತ್ತಿದ್ದೆ. ಒಂದು ದಿನ ಆ ಸುತ್ತನ್ನು ಮತ್ತೆ ಮತ್ತೆ ಮಾಡಿಸಿದರು. ಆಮೇಲೆ ಮೆಲ್ಲಗೆ, "ಇವನಿಗೆ ಎರಡೂ ಎಡಗಾಲೇ ಕಣೇ. ನನ್ನ ಬಲಗಾಲು ಎಲ್ಲಿ ಹೋಯ್ತು?" ಅಂದರು.

ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಅಡುಗೆಮನೆಗೆ ಹೋದೆ. ಯಾವ ಹಾಲೂ ಇರಲಿಲ್ಲ. ಅವತ್ತಿನಿಂದ ಗೇಮ್ ತಾನಾಗಿಯೇ ಕುಣಿದು ತೋರಿಸುವ ಹಾಗೆ ಹಾಕಿಕೊಟ್ಟು ಎದ್ದು ಬರುವುದೇ ರೂಢಿಯಾಯಿತು. ತಮಾಷೆಗೆ ಕೇಳಿದರೋ, ನೋವಿನಿಂದ ಕೇಳಿದರೋ ಗೊತ್ತಿಲ್ಲ, ತಿರುಗಿ ಅವರ ಮುಖ ನೋಡಿದ್ದರೆ ತಾನೇ ಗೊತ್ತಾಗುವುದು. ಮತ್ತೆಂದೂ ಕೇಳಲಿಲ್ಲ. ಆದರೆ ದಿನಾ ಗೇಮ್ ಹಾಕು ಎನ್ನುವುದನ್ನು ಬಿಡಲಿಲ್ಲ. ನಾಲ್ಕು ವರ್ಷ ದಿನಕ್ಕೊಂದು ಸಲ, ನಿಜ ನನ್ನ ಬಾಯಿಂದಲೇ ಬರಲಿ ಎಂದು ಕಾದರು. ಹೇಳಿದ್ದರೆ ಬೈಯುತ್ತಿದ್ದರು, ಬೈದು ಮುಗಿಸುತ್ತಿದ್ದರು. ಅಷ್ಟನ್ನೂ ಕೊಡದೆ ಕಳಿಸಿದೆ.

ನೀನು ಅಂದುಕೊಂಡಿದ್ದಕ್ಕಿಂತ ನಿನ್ನಮ್ಮ ಕೆಟ್ಟವಳು. ಕ್ಷಮಿಸು ಎಂದು ಕೇಳುವುದಿಲ್ಲ, ಕ್ಷಮಿಸಬೇಕಾದವರು ಹೋದರು.

ನಿನ್ನಿಂದ ಬೈಸಿಕೊಳ್ಳಲು ತಯಾರಾಗಿರುವ,
ಅಮ್ಮ

ತಾ.ಕ.: ಮೊದಲ ಸಾಲಿನಲ್ಲಿ ಬರೆಯಬೇಕಾದದ್ದನ್ನು ಕೊನೆಗೆ ತಳ್ಳಿದ್ದೇನೆ, ನನ್ನ ಬುದ್ಧಿಯೇ ಅಂಥದ್ದು. ಟಿವಿಯ ಮುಂದೆ ನಿಂತು ನೀನು ನಗುನಗುತ್ತಾ ಆ ಸುತ್ತು ಸುತ್ತಿದ ವಿಡಿಯೋವನ್ನು ಅಳಿಯಂದಿರು ನನಗೆ ಕಳಿಸಿದ್ದರು. ಮೂರು ದಿನದಿಂದ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೇನೆ. ಎಡಗಾಲು ಸರಿಯಾಗಿ ಬರುತ್ತದೆ. ಬಲಗಾಲು ತಡ. ಕಾಲಿಗೆ ಜಮಖಾನ ಸಿಕ್ಕಿರಬೇಕು ಎಂದುಕೊಂಡೆ, ಫೋನೇ ತಡವರಿಸಿರಬೇಕು ಎಂದುಕೊಂಡೆ. ಅಂದು ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು: ಇದು ಮಕ್ಕಳಿಗೂ ಬರಬಹುದು. ನೀನು ದೊಡ್ಡವಳಾದ ಮೇಲೆ ಹೇಳೋಣ ಎಂದು ಅಪ್ಪ ಮತ್ತು ನಾನು ಮಾತಾಡಿಕೊಂಡಿದ್ದೆವು, ಆ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಇದನ್ನು ಅಂಚೆಗೆ ಹಾಕುತ್ತಿಲ್ಲ, ನಿನ್ನ ಬಾಗಿಲ ಕೆಳಗಿನಿಂದ ತೂರಿಸುತ್ತಿದ್ದೇನೆ. ನೀನು ಬರಬೇಡ ಅಂದಿದ್ದೆ, ನಾನು ಬಂದಿದ್ದೇನೆ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಡಾಕ್ಟರು ನಿನ್ನನ್ನು ಕರೆದುಕೊಂಡು ಹತ್ತು ಗಂಟೆಗೆ ಬರಲು ಹೇಳಿದ್ದಾರೆ. ಬೈಯುವುದಿದ್ದರೆ ದಾರಿಯಲ್ಲಿ ಬೈ, ಈಗ ಚಪ್ಪಲಿ ಹಾಕಿಕೊಂಡು ಬಾ.