ಚಿನ್ನಿಯ ಚಾರ್ಟು

ಎರಿನ್ ಮಿಲ್ಸ್, ಮಿಸ್ಸಿಸಾಗಾ
ಜನವರಿ ೨೫, ೨೦೨೬, ಭಾನುವಾರ

ಪ್ರೀತಿಯ ಅಮ್ಮ,

ಮಂಡಿ ನೋವು ಹೇಗಿದೆ? ಬೆಳಗಿನ ವಾಕಿಂಗ್ ಮತ್ತೆ ಶುರು ಮಾಡಿದೆಯಾ, ಇಲ್ಲ ಲೀಲಮ್ಮನವರ ಮೆಟ್ಟಿಲ ಮೇಲೆ ಕೂತು ಮಾತಾಡಿ ಬರುವುದನ್ನೇ ವಾಕಿಂಗ್ ಅನ್ನುತ್ತಿದ್ದೀಯಾ? ಬಿ.ಪಿ. ಮಾತ್ರೆ ತಪ್ಪಿಸಬೇಡ. ಮೂವತ್ತನಾಲ್ಕು ವರ್ಷ ವಾರ್ಡಿನಲ್ಲಿ ಊರವರಿಗೆಲ್ಲ ಹೊತ್ತುಹೊತ್ತಿಗೆ ಮಾತ್ರೆ ನುಂಗಿಸಿದವಳು ತನ್ನದನ್ನು ಮಾತ್ರ ಮರೆಯುತ್ತಾಳೆ ಎಂದು ಲೀಲಮ್ಮನವರು ಮೊನ್ನೆ ಫೋನಿನಲ್ಲಿ ಚಾಡಿ ಹೇಳಿದರು. ಇಲ್ಲಿ ನಾವು ಚೆನ್ನಾಗಿದ್ದೇವೆ. ಎರಡು ದಿನದಿಂದ ಬಿಡದೆ ಹಿಮ. ಮಧು ಡ್ರೈವ್‌ವೇ ಮೇಲಿನ ಹಿಮ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿದ್ದಾನೆ. ಶ್ರೀಜಾಗೆ ಪರೀಕ್ಷೆ ನಡೆಯುತ್ತಿದೆ, ಯಾವ ಪ್ರಶ್ನೆ ಕೇಳಿದರೂ ‘ಫೈನ್’ ಅನ್ನುತ್ತಾಳೆ.

ಮಧುವಿನ ಆಫೀಸಿನ ಹರ್ಷವರ್ಧನ್ ಗುರುವಾರ ಮೈಸೂರಿಗೆ ಹೊರಟಿದ್ದಾನೆ. ಅವನ ಕೈಲಿ ನಿನ್ನ ವಿಟಮಿನ್ ಡಬ್ಬಿ, ಮಂಡಿಯ ಪಟ್ಟಿ ಮತ್ತು ಈ ಕಾಗದ ಕಳಿಸುತ್ತಿದ್ದೇನೆ. ಫೋನಿರುವಾಗ ಕಾಗದ ಯಾಕೆ ಅನ್ನಬೇಡ. ವಿಡಿಯೋ ಕಾಲಿನಲ್ಲಿ ನನ್ನ ಮುಖ ಕಂಡ ಕೂಡಲೇ ನೀನು ‘ಸ್ವಲ್ಪ ಆ ಕಡೆ ತಿರುಗಿಸೇ, ಚಿನ್ನಿ ಕಾಣ್ಲಿ’ ಎನ್ನುತ್ತೀಯ. ಕಾಗದವನ್ನು ಯಾವ ಕಡೆಗೂ ತಿರುಗಿಸಲು ಬರುವುದಿಲ್ಲ. ಒಂದು ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನಡುವಿನದನ್ನೆಲ್ಲ ಬಿಟ್ಟು ಕೊನೆಯ ಪುಟಕ್ಕೆ ಹಾರುತ್ತೀಯ. ನಿನ್ನ ಚಿನ್ನಿ ಬದುಕಿದ್ದಾಳೆ. ಕಳೆದ ವಾರ ಸಾಯುವುದರಲ್ಲಿದ್ದಳು. ಅದಕ್ಕೆ ಕಾರಣ ನಾನು.

ಮೊದಲಿನಿಂದ ಬರೆಯುತ್ತೇನೆ. ನೀನು ಜೂನಿನಲ್ಲಿ ಬಂದಾಗ ಶ್ರೀಜಾಳ ಕೋಣೆಯಲ್ಲಿ ಆ ಎತ್ತರದ ಬಲೆಯ ಪಂಜರ ನೋಡಿ, ‘ಓತಿಕ್ಯಾತನ್ನ ಯಾರಾದ್ರೂ ಮನೇಲಿ ಸಾಕ್ತಾರೇನೇ?’ ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಓತಿಕ್ಯಾತ ಅಲ್ಲ, ಗೋಸುಂಬೆ ಎಂದು ನಾನು ತಿದ್ದಿದೆ. ಅದಕ್ಕೆ ಶ್ರೀಜಾ ಇಟ್ಟ ಹೆಸರು ಮ್ಯಾಂಗೋ. ವಾರ ಕಳೆಯುವುದರೊಳಗೆ ನೀನು ಪಂಜರದ ಮುಂದೆ ಕುರ್ಚಿ ಹಾಕಿಕೊಂಡು ‘ಚಿನ್ನಿ, ಬಾರೇ, ನೀರು ಕುಡಿಯೇ’ ಅನ್ನುತ್ತಿದ್ದೆ. ಚಿನ್ನಿ ನನ್ನ ಹೆಸರು, ಅಮ್ಮ. ನನ್ನನ್ನು ಕೊನೆಯ ಸಲ ಹಾಗೆ ಕರೆದದ್ದು ಯಾವಾಗ ಎಂದು ನಿನಗೆ ನೆನಪಿದೆಯಾ? ನನಗಿದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ. ಆಮೇಲೆ ನಾನು ವಸುಧಾ ಆದೆ. ನಲವತ್ತಾರು ವರ್ಷದ ಹೆಂಗಸು ಇದನ್ನೆಲ್ಲ ಲೆಕ್ಕ ಇಡಬಾರದು, ನಿಜ. ಆದರೆ ಇಟ್ಟಿದ್ದೆ.

ಗೋಸುಂಬೆ ಬಟ್ಟಲಲ್ಲಿಟ್ಟ ನೀರು ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿ ಮಾತ್ರ ನೆಕ್ಕುತ್ತದೆ ಎಂದು ಶ್ರೀಜಾ ಹೇಳಿದ್ದೇ ಸಾಕಾಯಿತು. ನೀನು ದಿನಕ್ಕೆ ಮೂರು ಹೊತ್ತು ಬೆರಳಿನಿಂದ ನೀರು ಚಿಮುಕಿಸುತ್ತಾ ಅರ್ಧರ್ಧ ಗಂಟೆ ಕೂತೆ. ಆಮೇಲೆ ಚಾರ್ಟು ಬಂತು. ನನ್ನ ಆಫೀಸಿನ ಹಳೆಯ ಪ್ರಿಂಟ್‌ಔಟುಗಳ ಹಿಂಬದಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ವಾರ್ಡಿನಲ್ಲಿ ಮಾಡುತ್ತಿದ್ದ ಹಾಗೆ ಇನ್‌ಟೇಕು, ಔಟ್‌ಪುಟ್ಟು, ಕೊನೆಯಲ್ಲಿ ಷರಾ. ಪಂಜರದ ಕಾಲಿಗೆ ದಾರ ಕಟ್ಟಿ ತೂಗುಹಾಕಿದೆ. ‘೮.೧೦: ಜೀರುಂಡೆ ನಾಲ್ಕು. ಐದನೆಯದನ್ನು ನೋಡಿ ಸುಮ್ಮನಾದಳು.’ ಮಧು ಅದನ್ನು ಫೋಟೋ ತೆಗೆದು ಆಫೀಸಿನವರಿಗೆಲ್ಲ ತೋರಿಸಿದ. ನಾನೂ ನಕ್ಕೆ. ನಗುತ್ತಲೇ ಇನ್ನೊಂದು ಲೆಕ್ಕ ಮಾಡಿದೆ. ನನ್ನ ಬಾಲ್ಯದಲ್ಲಿ ನೀನು ನನ್ನ ಎದುರು ಒಂದೇ ಸಮನೆ ಅರ್ಧ ಗಂಟೆ ಕೂತ ದಿನಗಳು ಎಷ್ಟಿದ್ದಾವು?

ಅಕ್ಟೋಬರಿನಲ್ಲಿ ಮನೆ ಬಿಸಿಮಾಡುವ ಫರ್ನೇಸ್ ಹಾಕಿ ಗಾಳಿ ಒಣಗಿದ ವಾರವೇ ನೀನು ಕಂಡುಹಿಡಿದೆ. ‘ಕಣ್ಣು ಒಳಗೆ ಹೋಗಿದೆ ನೋಡೇ. ಹಗಲು ಹೊತ್ತು ಮುಚ್ಚಿಕೊಂಡು ಕೂರ್ತಾಳೆ. ಹಿಕ್ಕೇಲಿ ಬೆಳ್ಳಗಿರಬೇಕಾದ್ದು ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಒಣಗ್ತಿದೆ ಮಗು.’ ನಮಗೆ ಯಾರಿಗೂ ಏನೂ ಕಾಣಲಿಲ್ಲ. ಬರ್ಲಿಂಗ್ಟನ್ನಿನಲ್ಲಿ ನನ್ನ ಆಫೀಸಿನ ಹತ್ತಿರವೇ ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರಮ್ಮ ಇದ್ದಾರೆ, ಕರೆದುಕೊಂಡು ಹೋದೆವು. ಆಕೆ ನಿನ್ನ ಚಾರ್ಟು ತಿರುವಿ, ‘ಹೂ ಈಸ್ ದಿ ನರ್ಸ್?’ ಎಂದು ಕೇಳಿದಾಗ ನೀನು ನಾಚಿಕೊಂಡು ಸೆರಗು ಸರಿಮಾಡಿಕೊಂಡೆ. ಇನ್ನು ಹತ್ತು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ವಾಪಸು ಬರುವಾಗ ಕಾರಿನಲ್ಲಿ ಎಲ್ಲರೂ ನಿನ್ನನ್ನು ಹೊಗಳುತ್ತಿದ್ದರು. ನಾನು ಡ್ರೈವ್ ಮಾಡುತ್ತಾ ನನ್ನ ಕಾಮಾಲೆಯನ್ನು ಯೋಚಿಸುತ್ತಿದ್ದೆ.

ಒಂಬತ್ತು ವರ್ಷ ಆಗ ನನಗೆ. ಅಪ್ಪ ಟ್ರಾನ್ಸ್‌ಫರ್ ಆಗಿ ಶಿವಮೊಗ್ಗದಲ್ಲಿದ್ದರು. ನೀನು ಮಕ್ಕಳ ವಾರ್ಡಿನಲ್ಲಿ, ತಿಂಗಳಿಗೆ ಹದಿನೈದು ದಿನ ನೈಟ್ ಡ್ಯೂಟಿ. ಎಂಟು ದಿನ ನನ್ನ ಕಣ್ಣು ಹಳದಿಯಾಗಿತ್ತು. ಕೊನೆಗೆ ನೋಡಿದ್ದು ಲೀಲಮ್ಮನವರು. ಕೆಳರೆಪ್ಪೆ ಎಳೆದು, ‘ರಾಜಲಕ್ಷ್ಮಿ, ಮಗು ಕಣ್ಣು ನೋಡಿದ್ದೀಯೇನೇ? ಅರಿಸಿನ ಹಚ್ಚಿದ ಹಾಗಿದೆ!’ ಎಂದು ಕಾಂಪೌಂಡಿನಾಚೆಯಿಂದ ಕೂಗಿದರು. ಆಮೇಲೆ ನೀನು ರಜೆ ಹಾಕಿ ಮೂರು ವಾರ ಮನೆಯಲ್ಲಿದ್ದೆ, ಅದನ್ನು ಮರೆತಿಲ್ಲ. ಆದರೂ ಆ ಎಂಟು ದಿನ ನನ್ನಲ್ಲಿ ಉಳಿದುಕೊಂಡಿವೆ. ಬೇರೆ ಮಕ್ಕಳ ಕಣ್ಣನ್ನೆಲ್ಲ ನೋಡಿ ಮನೆಗೆ ಬರುತ್ತಿದ್ದವಳಿಗೆ ನನ್ನದು ಕಾಣಲಿಲ್ಲವಲ್ಲ. ಈ ಹಲ್ಲಿ ಜಾತಿಯದಕ್ಕೆ ಎರಡೇ ದಿನ ಸಾಕಾಯಿತಲ್ಲ.

ಕರಿಬೇವಿನ ಕುಂಡದ ವಿಷಯ ಇಲ್ಲಿ ಬರುತ್ತದೆ. ಸೆಪ್ಟೆಂಬರಿನಲ್ಲಿ ಅದನ್ನು ಹೊರಗಿನಿಂದ ಒಳಗೆ ತಂದಾಗ, ಎಲ್ಲರ ಹಾಗೆ ನಾನೂ ಅಡುಗೆಮನೆ ಕಿಟಕಿಯಲ್ಲಿಟ್ಟೆ. ನೀನು ಅದನ್ನು ಎತ್ತಿಸಿ ಪಂಜರದೊಳಗೆ, ಅವಳಿಗೆ ಬಿಸಿಲಿನ ಬದಲು ಹಾಕಿರುವ ಆ ದೀಪದ ಕೆಳಗೆ ಇಡಿಸಿದೆ. ‘ಇಷ್ಟು ಒಳ್ಳೇ ಬಿಸಿಲು ಇವಳೊಬ್ಬಳಿಗೇ ಯಾಕೆ ವೇಸ್ಟು?’ ನಾಲ್ಕು ವರ್ಷದಿಂದ ಚಳಿಗಾಲ ಬಂದರೆ ಕಡ್ಡಿಯಾಗುತ್ತಿದ್ದ ನನ್ನ ಗಿಡ ನವೆಂಬರಿನಲ್ಲಿ ಚಿಗುರಿತು. ಆ ಹೊಗಳಿಕೆಯೂ ನಿನ್ನ ಪಾಲಿಗೇ ಹೋಯಿತು. ನೀನು ಊರು ಸೇರಿದ ಮೇಲಿನ ಮೊದಲ ಕಾಲ್ ನೆನಪಿದೆಯಾ? ‘ಚಿನ್ನಿ ತಿಂದ್ಲಾ?’ ಎಂದು ಶುರು ಮಾಡಿ ಹನ್ನೊಂದು ನಿಮಿಷ ಪಂಜರ ನೋಡಿದೆ. ಫೋನ್ ಹಿಡಿದಿದ್ದ ನನ್ನ ಕೈ ನೋಯುತ್ತಿತ್ತು. ಆಮೇಲೆ ನೀನು ‘ಸರಿ ಇಡ್ತೀನಿ, ಕುಕ್ಕರ್ ಕೂಗ್ತಿದೆ’ ಎಂದೆ. ಅದೇ ಸಂಜೆ ನಾನು ಕುಂಡವನ್ನು ಪಂಜರದಿಂದ ತೆಗೆದು ಕಿಟಕಿಗೆ ತಂದಿಟ್ಟೆ. ಮಣ್ಣಿನಿಂದ ಸಣ್ಣ ನೊಣ ಬರುತ್ತಿವೆ ಎಂದು ಮನೆಯಲ್ಲಿ ಹೇಳಿದೆ. ಒಂದು ನೊಣವೂ ಇರಲಿಲ್ಲ. ನೀನು ನನಗೆ ಒಪ್ಪಿಸಿ ಹೋಗಿದ್ದ ಚಾರ್ಟು ಬರೆಯುವುದನ್ನೂ ನಿಲ್ಲಿಸಿದೆ.

ಜನವರಿ ಎರಡನೆಯ ವಾರ ಅವಳು ಕೊಂಬೆ ಬಿಟ್ಟು ಕೆಳಗಿಳಿಯಲು ಶುರು ಮಾಡಿದಳು. ಪಂಜರದ ತಳದ ಮೂಲೆಯನ್ನು, ಕುಂಡವಿದ್ದ ಮೂಲೆಯನ್ನೇ, ಪರಪರ ಕೆರೆಯುವಳು. ಮೈ ಕಪ್ಪಾಗಿ ಹಳದಿ, ನೀಲಿ ಚುಕ್ಕೆ ಎದ್ದಿದ್ದವು. ತಿನ್ನುವುದು ನಿಂತಿತು. ಶ್ರೀಜಾ ‘ಶಿ ಮಿಸಸ್ ಅಜ್ಜಿ’ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನೂ ಅದನ್ನೇ ನಂಬಿದೆ ಅಮ್ಮ, ಈ ಮಾತು ಬರೆಯಲು ನಾಚಿಕೆಯಾಗುತ್ತದೆ. ನಿನ್ನನ್ನು ಹುಡುಕುತ್ತಿದ್ದಾಳೆ ಎಂದುಕೊಂಡೆ. ಹುಡುಕಲಿ, ನಾನೂ ಹುಡುಕಿದ್ದೆ, ಸತ್ತೇನೂ ಹೋಗಲಿಲ್ಲ ಎಂದುಕೊಂಡು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹಗಲಲ್ಲೇ ಕಣ್ಣು ಮುಚ್ಚಿ ಪಂಜರದ ತಳದಲ್ಲಿ ಮಲಗಿದ್ದಳು. ಎತ್ತಿಕೊಂಡರೆ ಬೆರಳು ಹಿಡಿಯುವ ಶಕ್ತಿ ಇರಲಿಲ್ಲ. ಆಗ ನಿನ್ನ ಚಾರ್ಟನ್ನು ಓದಿದೆ. ನವೆಂಬರ್ ಇಪ್ಪತ್ತೊಂದರ ಷರಾ: ‘ಕುಂಡಕ್ಕಿಳಿದು ಮಣ್ಣು ಮುಟ್ಟಿ ನೋಡಿ ಹೋದಳು.’ ಇಪ್ಪತ್ತನಾಲ್ಕು: ‘ಹೊಟ್ಟೆ ದಪ್ಪ. ಬಸುರಿಯೋ? ಗಂಡಿಲ್ಲದೆ ಹೇಗೆ? ಡಾಕ್ಟರನ್ನು ಕೇಳಬೇಕು.’

ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. ಹೊಟ್ಟೆಯ ತುಂಬ ಮೊಟ್ಟೆ, ಮಲ್ಲಿಗೆ ಮೊಗ್ಗು ಒತ್ತಿ ತುಂಬಿದ ಹಾಗೆ. ಇವಕ್ಕೆ ಗಂಡು ಬೇಕಿಲ್ಲವಂತೆ, ಬರಿದೇ ಮೊಟ್ಟೆ ಕಟ್ಟುತ್ತವೆ. ಆದರೆ ಹೂತಿಡಲು ಹಸಿ ಮಣ್ಣು ಬೇಕು, ಸಿಗದಿದ್ದರೆ ಒಳಗೇ ಹಿಡಿದುಕೊಂಡು ಸಾಯುತ್ತವೆ. ಪಂಜರದಲ್ಲಿ ಮಣ್ಣು ಇಟ್ಟಿಲ್ಲವಾ ಎಂದು ಕೇಳಿದರು. ಇತ್ತು ಎಂದೆ. ಯಾಕೆ ತೆಗೆದಿರಿ ಎಂದು ಅವರು ಕೇಳಲಿಲ್ಲ, ಶ್ರೀಜಾ ಮಾತ್ರ ನನ್ನ ಮುಖ ನೋಡಿದಳು. ಇಂಜೆಕ್ಷನ್ ಕೊಟ್ಟು ಕಳಿಸಿದರು. ಕುಂಡ ವಾಪಸು ಇಡಿ, ಪಂಜರ ಮುಚ್ಚಿ, ಯಾರೂ ನೋಡಬಾರದು, ಯಾರಾದರೂ ನೋಡುತ್ತಿದ್ದಾರೆ ಎನಿಸಿದರೆ ಅಗೆಯುವುದನ್ನೇ ಬಿಡುತ್ತಾಳೆ, ನಾಳೆ ಸಂಜೆಯೊಳಗೆ ಆಗದಿದ್ದರೆ ಆಪರೇಷನ್, ಈ ಸ್ಥಿತಿಯಲ್ಲಿ ತಡೆದುಕೊಳ್ಳುವುದು ಅನುಮಾನ ಎಂದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು. ಇವು ಕಾಯಿಲೆಯನ್ನು ಬಚ್ಚಿಡುತ್ತವೆ, ಎದುರಿಗೆ ಯಾರಾದರೂ ಬಂದು ನಿಂತರೆ ಇದ್ದಬದ್ದ ಶಕ್ತಿ ಕೂಡಿಸಿ ನೆಟ್ಟಗೆ ಕೂರುತ್ತವೆ, ಹಾಗಾಗಿ ಮನೆಯವರನ್ನು ನಾನು ಬೈಯುವುದಿಲ್ಲ ಎಂದರು.

ಮರುದಿನ ನಾನು ರಜೆ ಹಾಕಿದೆ. ಮಧುವಿನ ಬಿಳಿ ಪಂಚೆಯನ್ನು ಪಂಜರಕ್ಕೆ ಸುತ್ತಿದೆ. (‘ಸತ್ಯನಾರಾಯಣ ಪೂಜೆಗೆ ನಾನೇನುಟ್ಕೊಳ್ಲಿ?’ ಎಂದ.) ಬೆಳಗ್ಗೆ ಒಂಬತ್ತರಿಂದ ಬಾಗಿಲ ಹತ್ತಿರ ನೆಲದ ಮೇಲೆ, ಪಂಜರಕ್ಕೆ ಬೆನ್ನು ಮಾಡಿ ಕೂತೆ. ತಿರುಗಿ ನೋಡುವ ಹಾಗಿಲ್ಲ, ಎದ್ದುಹೋಗಲು ಮನಸ್ಸಿಲ್ಲ. ಹನ್ನೊಂದರ ಹೊತ್ತಿಗೆ ಹಿಂದೆ ಮಣ್ಣು ಕೆರೆಯುವ ಸದ್ದು ಶುರುವಾಯಿತು. ನಿಲ್ಲುವುದು, ಮತ್ತೆ ಕೆರೆಯುವುದು. ಅಷ್ಟು ಹೊತ್ತು ಸುಮ್ಮನೆ ಕೂತರೆ ಬೇಡದ್ದೆಲ್ಲ ನೆನಪಾಗುತ್ತದೆ. ನೀನು ನೈಟ್ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನಾನು ಯೂನಿಫಾರ್ಮ್ ಹಾಕಿ, ಜಡೆ ಹೆಣೆದುಕೊಂಡು, ನೆಟ್ಟಗೆ ನಿಂತಿರುತ್ತಿದ್ದೆ. ತಿಂದ್ಯಾ ಅಂದರೆ ತಿಂದೆ. ಆ ಎಂಟು ದಿನದ ಅನ್ನವೆಲ್ಲ ಲೀಲಮ್ಮನವರ ಹಸುವಿಗೆ ಹೋಗಿತ್ತು. ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆನೇ? ಇರಬಹುದು. ‘ನನ್ನ ಮಗಳು ಒಂದು ತೊಂದ್ರೆ ಕೊಡಲ್ಲ ಕಣ್ರೀ’ ಎಂದು ನೀನು ಎಲ್ಲರ ಹತ್ತಿರ ಹೇಳುತ್ತಿದ್ದೆ. ಆ ಮಾತು ಕೈತಪ್ಪೀತು ಎಂಬ ಹೆದರಿಕೆ ನನಗೆ. ನಿನ್ನ ತಪ್ಪು ಎಷ್ಟು, ನನ್ನದು ಎಷ್ಟು ಎಂದು ಅಲ್ಲಿ ಕೂತು ತೀರ್ಮಾನ ಮಾಡಲಾಗಲಿಲ್ಲ. ಈಗಲೂ ಆಗುತ್ತಿಲ್ಲ.

ನಾಲ್ಕೂವರೆಗೆ ಸದ್ದು ನಿಂತಿತು. ಶ್ರೀಜಾ ಸ್ಕೂಲಿನಿಂದ ಬಂದು ಪಂಚೆಯ ಅಂಚು ಎತ್ತಿದಳು. ಚಿನ್ನಿ ಕುಂಡದ ಅಂಚಿನಲ್ಲಿ ಮೂತಿಯೆಲ್ಲ ಮಣ್ಣು ಮಾಡಿಕೊಂಡು, ಬಾಣಂತಿಯ ಹಾಗೆ ಸೋತು ಕೂತಿದ್ದಳು. ಮೈ ಹಸಿರಿಗೆ ತಿರುಗುತ್ತಿತ್ತು. ಬೆರಳಿನಿಂದ ನೀರು ಚಿಮುಕಿಸಿದೆ. ಕಣ್ಣು ಬಿಟ್ಟು ಇಪ್ಪತ್ತು ನಿಮಿಷ ಕುಡಿದಳು. ಆಮೇಲೆ ಮಣ್ಣು ಬಗೆದು ಎಣಿಸಿದರೆ ನಲವತ್ತೊಂದು. ಚಾರ್ಟಿನಲ್ಲಿ ಬರೆದಿದ್ದೇನೆ, ಔಟ್‌ಪುಟ್ ಕಾಲಮ್ಮಿನಲ್ಲಿ. ಶ್ರೀಜಾಳ ಎದುರು ನೊಣದ ಸುಳ್ಳನ್ನೂ ಒಪ್ಪಿಕೊಂಡೆ. ಅವಳು ‘ಯು ವರ್ ಜೆಲಸ್ ಆಫ್ ಎ ಲಿಜರ್ಡ್?’ ಎಂದಳು. ಹೌದು ಎಂದೆ. ಅವಳು ನಗಲಿಲ್ಲ. ಅದಕ್ಕೆ ನಾನು ಅವಳಿಗೆ ಋಣಿ.

ಇನ್ನೊಂದು ಇದೆ, ಅದನ್ನೂ ಬರೆದೇ ಬಿಡುತ್ತೇನೆ. ಚಾರ್ಟಿನ ಅರವತ್ತು ಚಿಲ್ಲರೆ ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿದೆ. ಎಲ್ಲಾದರೂ ಒಂದು ಕಡೆ ನನ್ನ ಬಗ್ಗೆ ಒಂದು ಸಾಲು ಇದ್ದೀತೇ ಎಂದು. ವಸುಧಾ ಇಂದು ಸಪ್ಪಗಿದ್ದಳು, ಅಷ್ಟಿದ್ದರೂ ಸಾಕಿತ್ತು. ಇರಲಿಲ್ಲ. ಹಿಂಬದಿಯಲ್ಲೆಲ್ಲ ನನ್ನದೇ ಆಫೀಸಿನ ವಾಲ್ವ್ ಟೆಸ್ಟ್ ರಿಪೋರ್ಟುಗಳು. ಸಿಟ್ಟು ಬಂತು. ಆಮೇಲೆ, ಬರೆಯಲು ನಾನು ನಿನಗೆ ಏನು ಕೊಟ್ಟಿದ್ದೆ ಎಂದೂ ಅನಿಸಿತು. ಆರು ತಿಂಗಳು ನೀನು ‘ಹೇಗಿದ್ದೀಯೇ’ ಎಂದಾಗಲೆಲ್ಲ ನಾನು ‘ಚೆನ್ನಾಗಿದ್ದೀನಿ’ ಎಂದು ಲ್ಯಾಪ್‌ಟಾಪ್ ತೆರೆದೆ. ಅಕ್ಟೋಬರಿನಲ್ಲಿ ಒಂದು ದಿನ ‘ಒಳಗೆ ಹೀಟರು, ಕತ್ತಿಗೆ ಮಫ್ಲರು, ಇದ್ಯಾವ ಫ್ಯಾಷನ್ನೇ?’ ಎಂದು ನೀನು ಕೇಳಿದ್ದೆ. ಹತ್ತಿರ ಬಂದು ಬಿಚ್ಚಿ ನೋಡುತ್ತೀಯೇನೋ ಎಂದು ಕಾದೆ. ಅಷ್ಟರಲ್ಲಿ ಪಂಜರದಲ್ಲಿ ಏನೋ ಸದ್ದಾಯಿತು, ನೀನು ಎದ್ದುಹೋದೆ.

ಲೀಲಮ್ಮನವರಿಗೆ ನನ್ನ ನಮಸ್ಕಾರ ಹೇಳು. ಕರಿಬೇವು ಎಲೆ ಉದುರಿಸಿ ನಿಂತಿದೆ, ದೀಪದ ಕೆಳಗೆ ಮತ್ತೆ ಚಿಗುರಬಹುದು. ಮಧು, ಶ್ರೀಜಾ ನಿನ್ನ ಕಾಲಿಗೆ ನಮಸ್ಕರಿಸಿದ್ದಾರೆ. ನಿನ್ನ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.

ನಿನ್ನ ಮಗಳು,
ವಸುಧಾ

ತಾ.ಕ.: ಗುರುವಾರ. ಹರ್ಷವರ್ಧನ್ ಬಾಗಿಲಲ್ಲಿ ನಿಂತಿದ್ದಾನೆ, ಬೂಟು ಬಿಚ್ಚಲ್ಲ, ಏರ್‌ಪೋರ್ಟಿಗೆ ತಡವಾಗುತ್ತೆ ಅನ್ನುತ್ತಿದ್ದಾನೆ. ಅಮ್ಮ, ನನ್ನ ಕತ್ತಿನ ಎಡಗಡೆ ಒಂದು ಗಂಟಿದೆ. ಸೆಪ್ಟೆಂಬರಿನಿಂದ. ಮಫ್ಲರು ಅದಕ್ಕೇ. ನೀನಾಗಿ ನೋಡಲಿ ಎಂದು ಮುಚ್ಚಿಕೊಂಡು ಓಡಾಡಿದೆ, ಎಂಥ ಹುಚ್ಚು ನೋಡು. ಫೆಬ್ರವರಿ ಹತ್ತು, ಮಂಗಳವಾರ ಬೆಳಗ್ಗೆ ಸೂಜಿ ಹಾಕಿ ತೆಗೆದು ಪರೀಕ್ಷೆ ಮಾಡುತ್ತಾರೆ. ಏನೂ ಇರಲಾರದು ಎಂದು ಡಾಕ್ಟರ್ ಹೇಳಿದ್ದಾರೆ. ನನಗೆ ಹೆದರಿಕೆಯಾಗಿದೆ. ಕಾಗದ ಕೈಸೇರಿದ ಕೂಡಲೇ ಫೋನ್ ಮಾಡು, ಶ್ರೀಜಾಳ ನಂಬರಿಗೆ ಬೇಡ, ನನ್ನದಕ್ಕೆ. ಮಫ್ಲರು ತೆಗೆದಿರುತ್ತೇನೆ. ಆವತ್ತು ಪಂಜರದ ಕಡೆ ತಿರುಗಿಸು ಅನ್ನಬೇಡ.
— ಚಿನ್ನಿ